‘ಆಸಕ್ತಿಯಿಲ್ಲ’ ಎಂಬ ಚೀಟಿಯ ಹಿಂದೆ: ಶಾಲಾ ಆಪ್ತ ಸಮಾಲೋಚಕರು ಮಕ್ಕಳನ್ನು ಓದಿಗೆ ಹಚ್ಚುವ ಬಗೆ

ವಿದ್ಯಾರ್ಥಿಯೊಬ್ಬನನ್ನು ಆಪ್ತ ಸಮಾಲೋಚಕರ ಬಳಿ ಕಳಿಸುವಾಗ ಶಿಕ್ಷಕರು ಚೀಟಿಯಲ್ಲಿ ಕಾರಣ ಬರೆಯುತ್ತಾರೆ. ಅಲ್ಲಿ ಮತ್ತೆ ಮತ್ತೆ ಕಾಣುವುದು ಎರಡೇ ಪದ: ‘ಓದಿನಲ್ಲಿ ಆಸಕ್ತಿಯಿಲ್ಲ’. ಇದು ಕಾರಣವಲ್ಲ, ಹಣೆಪಟ್ಟಿ. ಬೋರ್ಡಿನ ಅಕ್ಷರ ಮಸುಕಾಗಿ ಕಾಣುವ ಹುಡುಗ ಆಸಕ್ತಿಯಿಲ್ಲದವನಂತೆಯೇ ಕೂತಿರುತ್ತಾನೆ. ರಾತ್ರಿ ಒಂದೂವರೆಗೆ ಮಲಗಿದವನೂ ಹಾಗೆಯೇ. ಎರಡು ವರ್ಷದ ಹಿಂದೆ ಭಿನ್ನರಾಶಿ ಅರ್ಥವಾಗದೆ ಅಲ್ಲೇ ಉಳಿದುಹೋದವಳು, ಬಿಡುವಿನ ವೇಳೆಯಲ್ಲಿ ಯಾರೋ ಕಾಡಿಸುತ್ತಾರೆಂದು ಬೆಳಗ್ಗೆಯಿಂದಲೇ ಎದೆಯಲ್ಲಿ ಅಳುಕು ಇಟ್ಟುಕೊಂಡವಳು, ಹೊರಗಿನಿಂದ ನೋಡಿದರೆ ಎಲ್ಲರೂ ಒಂದೇ. ಈ ನಾಲ್ವರನ್ನೂ ಕೂರಿಸಿ ‘ಮನಸ್ಸು ಮಾಡಿದರೆ ಆಗದ್ದು ಯಾವುದಿದೆ’ ಎಂದು ಭಾಷಣ ಮಾಡಿದರೆ ಒಬ್ಬರಿಗೂ ನಾಟುವುದಿಲ್ಲ.

ಅದಕ್ಕೇ ಕೆಲಸ ಬಲ್ಲ ಸಮಾಲೋಚಕರು ಹುರಿದುಂಬಿಸುವ ಮಾತಿಗೆ ಮೊದಲು ದಾಖಲೆ ತೆಗೆಯುತ್ತಾರೆ. ಹಾಜರಿ ಪುಸ್ತಕದಲ್ಲಿ ಗೈರಾದ ದಿನಗಳ ಸಂಖ್ಯೆಗಿಂತ ಅವು ಯಾವ ವಾರಗಳು ಎಂಬುದು ಹೆಚ್ಚು ಹೇಳುತ್ತದೆ. ಬರೀ ಸೋಮವಾರ ತಪ್ಪಿಸಿಕೊಳ್ಳುವ ಮಗುವಿನ ಕಥೆ ಬೇರೆ, ಆಟದ ಪೀರಿಯಡ್ ಇರುವ ದಿನ ತಪ್ಪಿಸಿಕೊಳ್ಳುವ ಮಗುವಿನ ಕಥೆ ಬೇರೆ. ಅಂಕಪಟ್ಟಿಯಲ್ಲಿ ಎಲ್ಲ ವಿಷಯಗಳೂ ಒಟ್ಟಿಗೆ ಕುಸಿದಿದ್ದರೆ ಮನೆ, ನಿದ್ದೆ, ಆರೋಗ್ಯ, ಗೆಳೆತನದ ಕಡೆ ನೋಡಬೇಕು. ಒಂದೇ ವಿಷಯ ಕುಸಿದಿದ್ದರೆ ಆ ವಿಷಯದ ಬುನಾದಿಯಲ್ಲಿ ಬಿರುಕು ಹುಡುಕಬೇಕು. ದೃಷ್ಟಿ ಮತ್ತು ಶ್ರವಣ ಪರೀಕ್ಷೆ ಕೊನೆಯದಾಗಿ ಯಾವಾಗ ಆಯಿತು ಎಂಬುದನ್ನು ಕೇಳಿ ಬರೆದುಕೊಳ್ಳಬೇಕು. ನಿದ್ದೆಯ ಲೆಕ್ಕ ಸರಳ: 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ಬೇಕು, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ. ಐದೂವರೆ ಗಂಟೆ ಮಲಗಿ ಬರುವ ಹದಿನಾಲ್ಕರ ಹುಡುಗನಿಗೆ ಏಕಾಗ್ರತೆಯ ಪಾಠ ಹೇಳುವುದು ವ್ಯರ್ಥ.

ಇವೆಲ್ಲಕ್ಕಿಂತ ಹೆಚ್ಚು ಮಾತಾಡುವುದು ನೋಟ್‌ಬುಕ್. ಗಣಿತದ ನೋಟ್‌ಬುಕ್ ಒಂದನ್ನು ಬಿಡಿಸಿ ನೋಡಿ. ಮೊದಲ ನಾಲ್ಕು ಪುಟ ಅಚ್ಚುಕಟ್ಟು, ಸ್ಕೇಲಿಟ್ಟು ಎಳೆದ ಅಂಚು, ಕೆಂಪು ಮಸಿಯ ತಲೆಬರಹ. ಐದನೇ ಪುಟದಿಂದ ಲೆಕ್ಕದ ಮೊದಲ ಸಾಲು ಇದೆ, ಕೊನೆಯ ಉತ್ತರ ಇದೆ, ನಡುವಿನ ಹಂತಗಳಿಲ್ಲ. ಅಂದರೆ ಬೋರ್ಡಿನಿಂದ ಇಳಿಸಿಕೊಂಡದ್ದು. ಇನ್ನೂ ಮುಂದೆ ಹೋದರೆ ದಿನಾಂಕ, ಪಾಠದ ಹೆಸರು, ಕೆಳಗೆ ಖಾಲಿ. ಖಾಲಿ ಜಾಗ ಶುರುವಾದ ಪುಟದ ದಿನಾಂಕ ನೋಡಿ, ಆ ವಾರ ಯಾವ ಪಾಠ ನಡೆಯಿತು ಎಂದು ಶಿಕ್ಷಕರನ್ನು ಕೇಳಿದರೆ ‘ಆಸಕ್ತಿ’ ಹೋದ ಜಾಗ ಸಿಗುತ್ತದೆ. ಋಣ ಸಂಖ್ಯೆಗಳ ಕೂಡು ಕಳೆಯೋ, ಸಮೀಕರಣದ ಒಂದು ಬದಿಯಿಂದ ಇನ್ನೊಂದು ಬದಿಗೆ ಒಯ್ಯುವುದೋ, ಹೀಗೇ ಏನೋ ಒಂದು. ಮಗು ಅಲ್ಲಿ ಕಾಲು ಜಾರಿದೆ. ಮೇಲಿನದ್ದೆಲ್ಲ ಅದರ ಪರಿಣಾಮ. ಇಂಥ ಕಡೆ ಬೇಕಿರುವುದು ಪ್ರೇರಣೆಯಲ್ಲ, ಆ ಒಂದು ಹಂತವನ್ನು ಮತ್ತೆ ಕಲಿಸಬಲ್ಲ ಒಬ್ಬರು ಮತ್ತು ವಾರಕ್ಕೆ ಮೂರು ಬಾರಿ ಇಪ್ಪತ್ತು ನಿಮಿಷ.

ಮೊದಲ ಗೆಲುವು ಎಷ್ಟು ಚಿಕ್ಕದಿರಬೇಕು

‘ನನ್ನಿಂದ ಆಗುತ್ತದೆ’ ಎಂಬ ನಂಬಿಕೆ ಎಲ್ಲಿಂದ ಹುಟ್ಟುತ್ತದೆ ಎಂಬುದಕ್ಕೆ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ನಾಲ್ಕು ಮೂಲಗಳನ್ನು ಹೇಳಿದರು. ಸ್ವತಃ ಮಾಡಿ ಗೆದ್ದ ಅನುಭವ, ತನ್ನಂಥವರೇ ಮಾಡುವುದನ್ನು ನೋಡುವುದು, ಬೇರೆಯವರ ಮಾತು, ಆ ಹೊತ್ತಿನ ದೇಹಸ್ಥಿತಿ: ಎದೆ ಬಡಿತ, ಬೆವರು, ಹೊಟ್ಟೆ ತೊಳಸುವುದು ಇತ್ಯಾದಿ. ಇವುಗಳಲ್ಲಿ ಅತಿ ಗಟ್ಟಿಯಾದದ್ದು ಮೊದಲನೆಯದು. ಮಾತಿನಿಂದ ಹುಟ್ಟಿದ ನಂಬಿಕೆ ಮುಂದಿನ ಕಿರುಪರೀಕ್ಷೆಯ ಹತ್ತು ಅಂಕದಲ್ಲಿ ಎರಡು ಬರುವವರೆಗೆ ಮಾತ್ರ. ಶಾಲೆಗಳಲ್ಲಿ ವರ್ಷಕ್ಕೊಮ್ಮೆ ಸಭಾಂಗಣ ತುಂಬಿಸಿ ನಡೆಸುವ ಪ್ರೇರಣಾ ಉಪನ್ಯಾಸಗಳ ಹುರುಪು ಮರುದಿನ ಮಧ್ಯಾಹ್ನದ ಹೊತ್ತಿಗೆ ಇಳಿಯುವುದು ಇದೇ ಕಾರಣಕ್ಕೆ. ಚಪ್ಪಾಳೆ ಬಿದ್ದಿರುತ್ತದೆ, ನೋಟ್‌ಬುಕ್ ಖಾಲಿಯೇ ಇರುತ್ತದೆ.

ಹಾಗಾದರೆ ಗೆಲುವನ್ನು ಎಲ್ಲಿಂದ ತರುವುದು? ಬಂಡೂರ ಮತ್ತು ಡೇಲ್ ಶಂಕ್ 1981ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದಕ್ಕೆ ಸೊಗಸಾದ ಉತ್ತರ ಕೊಡುತ್ತದೆ. ಗಣಿತ ಎಂದರೆ ಬೇಸರ, ವ್ಯವಕಲನ ಬರುವುದಿಲ್ಲ ಎನ್ನುವಂಥ ಏಳರಿಂದ ಹತ್ತು ವರ್ಷದ ಮಕ್ಕಳಿಗೆ 42 ಪುಟಗಳ ಅಭ್ಯಾಸ ಸಾಮಗ್ರಿ ಕೊಟ್ಟರು, ಅವಧಿ ಏಳು. ಒಂದು ಗುಂಪಿಗೆ ‘ಪ್ರತಿ ಅವಧಿಯಲ್ಲಿ ಆರು ಪುಟ’ ಎಂದರು. ಇನ್ನೊಂದಕ್ಕೆ ‘ಏಳನೇ ಅವಧಿಯ ಕೊನೆಗೆ 42 ಪುಟ’ ಎಂದರು. ಲೆಕ್ಕ ಒಂದೇ, ಏಳಾರು ನಲವತ್ತೆರಡು. ಆದರೆ ದಿನಕ್ಕಾರು ಪುಟದ ಗುಂಪು ಕಲಿಕೆಯಲ್ಲೂ ಆತ್ಮವಿಶ್ವಾಸದಲ್ಲೂ ಮುಂದೆ ಹೋಯಿತು. ಅಷ್ಟೇ ಅಲ್ಲ, ಕೊನೆಗೆ ಯಾರ ಒತ್ತಾಯವೂ ಇಲ್ಲದೆ ವ್ಯವಕಲನದ ಲೆಕ್ಕಗಳನ್ನು ಎತ್ತಿಕೊಂಡು ಮಾಡಿದ್ದೂ ಹೆಚ್ಚಾಗಿ ಅವರೇ. ಇಲ್ಲಿ ಆಸಕ್ತಿ ಮೊದಲು ಬಂದು ಕೆಲಸ ಆಮೇಲೆ ಆಗಲಿಲ್ಲ. ಕೆಲಸ ಆಯಿತು, ಆಸಕ್ತಿ ಅದರ ಬೆನ್ನಿಗೆ ಬಂತು.

ಸಮಾಲೋಚಕರ ಕೋಣೆಯಲ್ಲಿ ಇದರ ರೂಪ ಹೀಗೆ. ವಿದ್ಯಾರ್ಥಿಯೇ ‘ನಾಳೆಯಿಂದ ದಿನಕ್ಕೆ ಮೂರು ಗಂಟೆ ಓದ್ತೀನಿ’ ಎನ್ನುತ್ತಾಳೆ. ಅದನ್ನು ಒಪ್ಪಿಕೊಳ್ಳುವುದು ಹೊಸಬರು ಮಾಡುವ ಮೊದಲ ತಪ್ಪು. ಇವತ್ತು ಸೊನ್ನೆ ನಿಮಿಷ ಓದುವವಳು ನಾಳೆ ಮೂರು ಗಂಟೆ ಓದುವುದಿಲ್ಲ. ಮೂರನೇ ದಿನ ಬಿಟ್ಟುಬಿಟ್ಟಾಗ ಸೋಲುಗಳ ಪಟ್ಟಿಗೆ ಇನ್ನೊಂದು ಸೇರುತ್ತದೆ, ಸಮಾಲೋಚಕರ ಮುಖ ನೋಡಲು ಮುಜುಗರವಾಗಿ ಮುಂದಿನ ಭೇಟಿಗೆ ಬರುವುದೂ ಇಲ್ಲ. ಮೊದಲ ವಾರದ ಗುರಿ 10ರಿಂದ 15 ನಿಮಿಷ ಮೀರಬಾರದು. ಐದು ಲೆಕ್ಕ ಕೊಟ್ಟರೆ ನಾಲ್ಕು ಈಗಲೇ ಬರುವಂಥವು, ಒಂದು ತುಸು ಎಳೆದಾಡಿಸುವಂಥದ್ದು. ಐದೂ ಸುಲಭವಾದರೆ ಮಗುವಿಗೆ ಅದು ತಿಳಿಯುತ್ತದೆ, ‘ನನ್ನನ್ನು ದಡ್ಡಿ ಅಂದುಕೊಂಡಿದ್ದಾರೆ’ ಎಂದೇ ಓದಿಕೊಳ್ಳುತ್ತದೆ. ಎರಡಕ್ಕಿಂತ ಹೆಚ್ಚು ಕಷ್ಟವಾದರೆ ಪುಸ್ತಕ ಮುಚ್ಚುತ್ತದೆ.

ಗುರಿ ಚಿಕ್ಕದಾದರೆ ಸಾಲದು, ಅದಕ್ಕೆ ಗಂಟೆ ಮತ್ತು ಜಾಗ ಬೇಕು. ಜರ್ಮನಿಯ ಪೀಟರ್ ಗಾಲ್‌ವಿಟ್ಸರ್ 1999ರಲ್ಲಿ ವಿವರಿಸಿದ ‘ಹೀಗಾದರೆ ಹೀಗೆ’ ಎಂಬ ಯೋಜನೆ ಈಗ ಸಮಾಲೋಚಕರ ದಿನನಿತ್ಯದ ಸಾಧನ. 2006ರಲ್ಲಿ 94 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗಲೂ ಇದರ ಪ್ರಭಾವ ಮಧ್ಯಮಕ್ಕಿಂತ ಮೇಲೆಯೇ ನಿಂತಿತು. ‘ಸಂಜೆ ಓದ್ತೀನಿ’ ಎಂಬುದು ಆಸೆ. ‘ಶಾಲೆಯಿಂದ ಬಂದು ಬ್ಯಾಗ್ ಕೆಳಗಿಟ್ಟ ಕೂಡಲೇ, ಬಟ್ಟೆ ಬದಲಾಯಿಸುವ ಮೊದಲು, ವಿಜ್ಞಾನದ ಪುಸ್ತಕ ತೆಗೆದು ಮೇಜಿನ ಮೇಲಿಡ್ತೀನಿ’ ಎಂಬುದು ಯೋಜನೆ. ಎರಡನೆಯದರಲ್ಲಿ ಮನಸ್ಸು ಮಾಡುವ ಗಳಿಗೆಯೇ ಇಲ್ಲ. ಬ್ಯಾಗ್ ಕೆಳಗಿಟ್ಟದ್ದೇ ಸೂಚನೆ.

ಗಾಲ್‌ವಿಟ್ಸರ್ ಜೊತೆ ಕೆಲಸ ಮಾಡಿರುವ ಗೇಬ್ರಿಯೆಲೆ ಓಟಿಂಗೆನ್ ಇದಕ್ಕೆ ಒಂದು ಹಂತ ಮುಂಚಿತವಾಗಿ ಸೇರಿಸಿದರು: ಆಸೆ, ಅದು ಈಡೇರಿದಾಗಿನ ಚಿತ್ರ, ನನ್ನೊಳಗೇ ಇರುವ ಅಡ್ಡಿ, ಆಮೇಲೆ ಯೋಜನೆ. ಗೆದ್ದಂತೆ ಕನಸು ಕಾಣುವುದಷ್ಟನ್ನೇ ಮಾಡಿದವರು ಕೆಲಸದಲ್ಲಿ ಹಿಂದೆ ಬೀಳುತ್ತಾರೆ ಎಂಬುದು ಅವರ ಅಧ್ಯಯನಗಳು ಪದೇ ಪದೇ ತೋರಿಸಿರುವ ಸಂಗತಿ. ಕನಸಿನಲ್ಲೇ ಅರ್ಧ ತೃಪ್ತಿ ಸಿಕ್ಕಿಬಿಟ್ಟಿರುತ್ತದೆ. ‘ಕಣ್ಣು ಮುಚ್ಚಿ, ನೀವು ವೇದಿಕೆ ಮೇಲೆ ಬಹುಮಾನ ತಗೊಳ್ತಿದ್ದೀರಿ ಅಂದುಕೊಳ್ಳಿ’ ಎನ್ನುವ ತರಬೇತುದಾರರು ಅಲ್ಲಿಗೇ ನಿಲ್ಲಿಸುತ್ತಾರೆ. ಅಡ್ಡಿಯ ಪ್ರಶ್ನೆ ಕೇಳುವುದೇ ಇಲ್ಲ. ಆ ಪ್ರಶ್ನೆಗೆ ಬರುವ ಉತ್ತರವೋ ಬಹಳ ಸಣ್ಣದಿರುತ್ತದೆ: ‘ಫೋನ್ ಪಕ್ಕದಲ್ಲೇ ಇರುತ್ತೆ’, ‘ಶುರು ಎಲ್ಲಿಂದ ಅಂತ ಗೊತ್ತಾಗಲ್ಲ’, ‘ತಪ್ಪಾದ್ರೆ ಅಣ್ಣ ನಗ್ತಾನೆ’. ಯೋಜನೆ ಕಟ್ಟಬೇಕಿರುವುದು ಇದರ ಮೇಲೆ.

ಕೋಣೆಯೊಳಗಿನ ಮಾತು

ಎದುರು ಕೂತ ಮಗುವಿನ ಜೊತೆ ಮಾತು ಹೇಗೆ ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಇಲ್ಲಿ ಹೆಚ್ಚು ಬಳಕೆಯಾಗುವ ಕ್ರಮ ಹುಟ್ಟಿದ್ದು ಶಾಲೆಯಲ್ಲಿ ಅಲ್ಲ, ಕುಡಿತ ಬಿಡಿಸುವ ಚಿಕಿತ್ಸೆಯಲ್ಲಿ. ವಿಲಿಯಂ ಮಿಲ್ಲರ್ 1983ರಲ್ಲಿ ಇದನ್ನು ಬರಹಕ್ಕಿಳಿಸಿದರು, ಮುಂದೆ ಸ್ಟೀಫನ್ ರಾಲ್ನಿಕ್ ಜೊತೆ ಸೇರಿ ಬೆಳೆಸಿದರು. ತಿರುಳು ಇಷ್ಟು: ಬದಲಾಗಬೇಕು ಎಂಬ ಮಾತು ಚಿಕಿತ್ಸಕರ ಬಾಯಿಂದ ಬಂದಷ್ಟೂ ಎದುರಿನವರ ಬಾಯಿಂದ ‘ಆದರೆ’ ಬರುತ್ತದೆ. ನೀವು ಓದಿನ ಪರ ವಕಾಲತ್ತು ಮಾಡಿದರೆ ಮಗು ಓದದಿರುವುದರ ಪರ ವಕಾಲತ್ತು ಮಾಡುತ್ತದೆ, ತಾನೇ ಹೇಳಿದ್ದನ್ನು ಕೇಳಿಸಿಕೊಂಡು ಅದನ್ನೇ ನಂಬುತ್ತದೆ. ಆದ್ದರಿಂದ ಪರವಾದ ಮಾತು ಮಗುವಿನ ಬಾಯಿಂದಲೇ ಹೊರಡುವಂತೆ ಪ್ರಶ್ನೆ ಇಡಬೇಕು.

ಹದಿನೈದರ ಹುಡುಗನೊಬ್ಬನ ಜೊತೆಗಿನ ಮಾತುಕತೆಯ ಮಾದರಿ:

‘ಈ ಸಲ ವಿಜ್ಞಾನ ಪಾಸಾಗಬೇಕು ಅನ್ನೋದು ನಿನಗೆ ಎಷ್ಟು ಮುಖ್ಯ? ಸೊನ್ನೆಯಿಂದ ಹತ್ತರೊಳಗೆ ಒಂದು ನಂಬರ್ ಹೇಳು.’

‘ನಾಲ್ಕು ಇರಬಹುದು, ಮೇಡಂ.’

‘ನಾಲ್ಕು. ಎರಡು ಯಾಕೆ ಹೇಳಲಿಲ್ಲ?’

(ಸ್ವಲ್ಪ ಹೊತ್ತು ಮೌನ.) ‘ಎರಡು ಅಂದ್ರೆ... ಪೂರ್ತಿ ಬಿಟ್ಟಂಗೆ ಅಲ್ವಾ? ಫೇಲಾದ್ರೆ ನನ್ನ ಫ್ರೆಂಡ್ಸ್ ಎಲ್ಲ ಮುಂದಿನ ಕ್ಲಾಸಿಗೆ ಹೋಗ್ತಾರೆ. ನಾನೊಬ್ಬನೇ ಇಲ್ಲಿ.’

‘ಅವರ ಜೊತೆ ಇರೋದು ನಿನಗೆ ಬೇಕು.’

‘ಹೂಂ. ಮತ್ತೆ ಕರೆಂಟಿನ ಪಾಠ ನನಗೆ ಇಷ್ಟಾನೇ ಆಗಿತ್ತು. ಆಮೇಲೆ ಏನೋ ಆಯ್ತು.’

‘ಎರಡು ಯಾಕಲ್ಲ’ ಎಂದು ಕೇಳಿದ್ದರಿಂದ ಹುಡುಗ ಓದಬೇಕಾದ ಕಾರಣಗಳನ್ನು ಹೇಳಿದ. ‘ಎಂಟು ಯಾಕಲ್ಲ’ ಎಂದು ಕೇಳಿದ್ದರೆ ಓದಲಾಗದ ಕಾರಣಗಳನ್ನು ಹೇಳುತ್ತಿದ್ದ: ಪಾಠ ಬೋರು, ಸರ್ ಬೈತಾರೆ, ತಲೆಗೆ ಹತ್ತಲ್ಲ. ಬದಲಾಗಿದ್ದು ಒಂದು ಅಂಕಿ, ತಿರುಗಿದ್ದು ಮಾತಿನ ದಿಕ್ಕೇ. ಗಮನಿಸಬೇಕಾದ ಇನ್ನೊಂದು ಆ ಮೌನ. ಅನುಭವವಿಲ್ಲದವರು ಮೂರು ಸೆಕೆಂಡ್ ಕಾಯಲಾರದೆ ತಾವೇ ಉತ್ತರ ತುಂಬುತ್ತಾರೆ: ‘ಅಂದ್ರೆ ಅಪ್ಪ ಅಮ್ಮನಿಗೆ ಬೇಜಾರಾಗುತ್ತೆ ಅಂತಾನಾ?’ ಹುಡುಗ ‘ಹೂಂ’ ಎನ್ನುತ್ತಾನೆ, ಗೆಳೆಯರ ವಿಷಯ ಹೊರಗೆ ಬರುವುದೇ ಇಲ್ಲ. ಹತ್ತು ಸೆಕೆಂಡ್ ಸುಮ್ಮನಿರುವುದು ಈ ವೃತ್ತಿಯ ಕಷ್ಟದ ಕೌಶಲಗಳಲ್ಲಿ ಒಂದು.

ಕೊನೆಯ ಸಾಲೂ ಮುಖ್ಯ. ‘ಆಮೇಲೆ ಏನೋ ಆಯ್ತು’ ಎಂದವನನ್ನು ‘ಏನಾಯ್ತು? ಯಾಕೆ?’ ಎಂದು ಬೆನ್ನಟ್ಟಿದರೆ ವಿಚಾರಣೆಯಂತಾಗುತ್ತದೆ. ಹದಿಹರೆಯದವರಿಗೆ ‘ಯಾಕೆ’ ಎಂಬ ಪದ ಕೇಳಿದ ಕೂಡಲೇ ಸಮರ್ಥನೆಗೆ ನಿಲ್ಲುವ ಅಭ್ಯಾಸ, ಏಕೆಂದರೆ ಅವರು ಅದನ್ನು ಹೆಚ್ಚಾಗಿ ಕೇಳಿರುವುದು ಬೈಗುಳದ ಜೊತೆಗೆ. ‘ಆ ಪಾಠ ಇಷ್ಟವಾಗಿದ್ದ ದಿನಗಳಲ್ಲಿ ಏನು ಬೇರೆ ಇತ್ತು?’ ಎಂದರೆ ಕೆಲಸ ಮಾಡುವ ಉತ್ತರ ಸಿಗುತ್ತದೆ.

ಗೌಪ್ಯತೆಯ ಮಾತು ಮೊದಲ ಐದು ನಿಮಿಷದಲ್ಲೇ ಆಗಿರಬೇಕು. ಇಲ್ಲಿ ಹೇಳಿದ್ದು ಹೊರಗೆ ಹೋಗುವುದಿಲ್ಲ, ಆದರೆ ಮೂರು ಸಂದರ್ಭ ಬಿಟ್ಟು: ನಿನಗೆ ನೀನೇ ಅಪಾಯ ಮಾಡಿಕೊಳ್ಳುವಂತಿದ್ದರೆ, ಬೇರೆಯವರಿಗೆ ಅಪಾಯವಿದ್ದರೆ, ಯಾರಾದರೂ ನಿನ್ನ ಮೇಲೆ ದೌರ್ಜನ್ಯ ಮಾಡುತ್ತಿದ್ದರೆ. ಈ ವಿನಾಯಿತಿಗಳನ್ನು ಮೊದಲೇ ಹೇಳದೆ ‘ಎಲ್ಲಾ ಗುಟ್ಟಾಗಿಡ್ತೀನಿ’ ಎಂದು ಮಾತು ಕೊಟ್ಟು ಆಮೇಲೆ ಮುರಿದರೆ ಆ ಮಗು ಮಾತ್ರವಲ್ಲ, ಅದರ ಗೆಳೆಯರ ಬಳಗವೇ ಆ ಬಾಗಿಲಿಗೆ ಬರುವುದಿಲ್ಲ. ಸ್ಟಾಫ್ ರೂಮಿನಲ್ಲಿ ಬಾಯಿತಪ್ಪಿ ಆಡಿದ ಒಂದು ಮಾತು ಸಾಕು, ವರ್ಷದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಹೊಗಳಿಕೆ, ಬಹುಮಾನ ಮತ್ತು ಗೋಡೆಯ ಪೋಸ್ಟರ್

ಮಕ್ಕಳನ್ನು ಹೊಗಳಬೇಕು ಎಂಬುದು ಎಲ್ಲರಿಗೂ ಗೊತ್ತು. ಏನನ್ನು ಹೊಗಳಬೇಕು ಎಂಬಲ್ಲಿ ಎಡವುತ್ತಾರೆ. ಕ್ಲಾಡಿಯಾ ಮುಲ್ಲರ್ ಮತ್ತು ಕರೋಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಐದನೇ ತರಗತಿಯ ಮಕ್ಕಳು ಒಂದು ಸುತ್ತು ಒಗಟು ಬಿಡಿಸಿದ ಮೇಲೆ ಕೆಲವರಿಗೆ ‘ನೀನು ಜಾಣ’ ಎಂದೂ ಕೆಲವರಿಗೆ ‘ಚೆನ್ನಾಗಿ ಶ್ರಮಪಟ್ಟೆ’ ಎಂದೂ ಹೇಳಲಾಯಿತು. ಎರಡನೇ ಸುತ್ತು ಬೇಕೆಂದೇ ಕಠಿಣ. ಮೂರನೇ ಸುತ್ತಿನಲ್ಲಿ ಜಾಣರೆನಿಸಿಕೊಂಡವರ ಅಂಕ ಇಳಿಯಿತು, ಶ್ರಮಕ್ಕೆ ಹೊಗಳಿಸಿಕೊಂಡವರದ್ದು ಏರಿತು. ಇನ್ನೂ ಕುತೂಹಲದ ವಿಷಯ: ತಮ್ಮ ಅಂಕವನ್ನು ಬೇರೆ ಮಕ್ಕಳಿಗೆ ಬರೆದು ತಿಳಿಸಿ ಎಂದಾಗ ‘ಜಾಣ’ರಲ್ಲಿ ಹತ್ತರಲ್ಲಿ ಸುಮಾರು ನಾಲ್ವರು ಹೆಚ್ಚಿಸಿ ಬರೆದರು. ಜಾಣ ಎಂಬ ಪಟ್ಟ ಸಿಕ್ಕಮೇಲೆ ಅದನ್ನು ಕಾಯುವುದೇ ಕೆಲಸವಾಗುತ್ತದೆ.

ಇಷ್ಟು ಸರಿ. ಆದರೆ ಈ ಶೋಧ ಶಾಲೆಗಳಿಗೆ ಬಂದ ರೀತಿ ಮಾತ್ರ ನಿರಾಸೆ ಹುಟ್ಟಿಸುವಂಥದ್ದು. ‘ಬುದ್ಧಿ ಬೆಳೆಯುತ್ತದೆ’ ಎಂಬ ಪೋಸ್ಟರ್ ಗೋಡೆಗೆ ಬಂತು, ಪ್ರತಿಯೊಂದಕ್ಕೂ ‘ಶ್ರಮ ಚೆನ್ನಾಗಿದೆ’ ಎನ್ನುವ ಅಭ್ಯಾಸ ಬಂತು, ಅಷ್ಟಕ್ಕೇ ಫಲ ನಿರೀಕ್ಷಿಸಲಾಯಿತು. 2018ರಲ್ಲಿ ಈ ನಂಬಿಕೆ ಬೆಳೆಸುವ ಪ್ರಯತ್ನಗಳ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಸರಾಸರಿ ಪರಿಣಾಮ ತೀರಾ ಸಣ್ಣದೆಂದು ಕಂಡಿತು. 2019ರಲ್ಲಿ ಅಮೆರಿಕದ ಸುಮಾರು 12,000 ಒಂಬತ್ತನೇ ತರಗತಿ ವಿದ್ಯಾರ್ಥಿಗಳ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ, ‘ಬುದ್ಧಿ ಬೆಳೆಯುತ್ತದೆ’ ಎಂದು ಹೇಳಿಕೊಡುವ, ಒಂದು ಗಂಟೆಗೂ ಕಡಿಮೆಯ ಆನ್‌ಲೈನ್ ಪಾಠದಿಂದ ಹಿಂದುಳಿದ ವಿದ್ಯಾರ್ಥಿಗಳ ಸರಾಸರಿ ಗ್ರೇಡ್ ಸುಮಾರು 4ರ ಮಾಪನದಲ್ಲಿ 0.1ರಷ್ಟು ಏರಿತು. ಖರ್ಚಿಗೆ ಹೋಲಿಸಿದರೆ ಕಡಿಮೆಯೇನಲ್ಲ, ಪವಾಡವೂ ಅಲ್ಲ. ಅದೂ ಹೆಚ್ಚು ಫಲ ಕೊಟ್ಟಿದ್ದು ಕಷ್ಟದ ಲೆಕ್ಕ ಎತ್ತಿಕೊಳ್ಳುವುದನ್ನು ಸಹಪಾಠಿಗಳು ಸಹಜವೆಂದುಕೊಂಡ ಶಾಲೆಗಳಲ್ಲಿ. ಕೈ ಎತ್ತಿದವನನ್ನು ನೋಡಿ ನಗುವ ತರಗತಿಯಲ್ಲಿ ಪೋಸ್ಟರ್ ಏನು ಮಾಡೀತು?

ಶ್ರಮವನ್ನು ಕುರುಡಾಗಿ ಹೊಗಳುವುದರಲ್ಲಿ ಇನ್ನೊಂದು ಅಪಾಯವಿದೆ, ಅದನ್ನು ಹೆಚ್ಚು ಜನ ಗಮನಿಸುವುದಿಲ್ಲ. ದಿನಕ್ಕೆ ಎರಡು ಗಂಟೆ ಓದಿಯೂ ಅಂಕ ಬರದ ಮಗುವಿಗೆ ‘ಇನ್ನಷ್ಟು ಶ್ರಮಪಡು’ ಎಂದರೆ ಅದು ತೀರ್ಮಾನಿಸುವುದು ‘ನನ್ನ ತಲೆಯೇ ಸರಿಯಿಲ್ಲ’ ಎಂದು. ಅಲ್ಲಿ ಕೆಟ್ಟಿರುವುದು ವಿಧಾನ. ಹೆಚ್ಚಿನ ಮಕ್ಕಳ ಓದು ಎಂದರೆ ಅದೇ ಪುಟವನ್ನು ಮತ್ತೆ ಮತ್ತೆ ಓದಿ ಗೆರೆ ಎಳೆಯುವುದು. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ತೋರಿಸಿದಂತೆ, ಐದು ನಿಮಿಷದ ನಂತರ ಕೇಳಿದರೆ ಮತ್ತೆ ಓದಿದವರು ಮುಂದೆ: ಶೇ. 81ಕ್ಕೆ ಶೇ. 75. ಒಂದು ವಾರದ ನಂತರ ಕೇಳಿದರೆ ತಲೆಕೆಳಗು: ಪುಸ್ತಕ ಮುಚ್ಚಿ ನೆನಪಿನಿಂದ ಬರೆದಿದ್ದವರು ಶೇ. 56, ಮತ್ತೆ ಓದಿದವರು ಶೇ. 42. ಮಗು ಮೋಸ ಹೋಗುವುದು ಆ ಮೊದಲ ಐದು ನಿಮಿಷದಲ್ಲಿ. ಓದಿ ಮುಗಿಸಿದಾಗ ಎಲ್ಲವೂ ಬಂದಂತೆ ಅನಿಸುತ್ತದೆ, ಪರೀಕ್ಷೆಯಲ್ಲಿ ಬರುವುದಿಲ್ಲ, ಶ್ರಮದ ಮೇಲಿನ ನಂಬಿಕೆಯೇ ಹೋಗುತ್ತದೆ. ಇಂಥವರಿಗೆ ಸಮಾಲೋಚಕರು ಕೊಡಬೇಕಾದ ಪ್ರೋತ್ಸಾಹ ಒಂದು ಖಾಲಿ ಹಾಳೆ: ಒಂದು ಪುಟ ಓದು, ಪುಸ್ತಕ ಮುಚ್ಚು, ನೆನಪಿದ್ದಷ್ಟು ಬರೆ, ತೆರೆದು ನೋಡಿ ಬಿಟ್ಟದ್ದನ್ನು ಬೇರೆ ಬಣ್ಣದಲ್ಲಿ ಸೇರಿಸು. ಇದನ್ನೇ ಎರಡು ದಿನ ಬಿಟ್ಟು, ಮತ್ತೆ ವಾರ ಬಿಟ್ಟು. ಮೊದಲೆರಡು ಸಲ ಅರ್ಧವೂ ನೆನಪಾಗದೆ ಬೇಸರವಾಗುತ್ತದೆ ಎಂದು ಮುಂಚೆಯೇ ಹೇಳಿಡಬೇಕು. ಹೇಳದಿದ್ದರೆ ಹಳೆಯ ಗೆರೆ ಎಳೆಯುವ ಓದಿಗೇ ವಾಪಸು.

ಬಹುಮಾನಗಳ ವಿಷಯದಲ್ಲಿ 1973ರ ಒಂದು ಪ್ರಯೋಗ ಇನ್ನೂ ಎಚ್ಚರಿಸುತ್ತದೆ. ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬರೆಯುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಿಗೆ ‘ಬರೆದರೆ ಪ್ರಮಾಣಪತ್ರ’ ಎಂದು ಆಸೆ ತೋರಿಸಿದರು. ಕೆಲವು ದಿನಗಳ ನಂತರ ಆ ಮಕ್ಕಳು ಸ್ವಂತ ಇಚ್ಛೆಯಿಂದ ಚಿತ್ರಕ್ಕೆ ಕೊಟ್ಟ ಸಮಯ ಉಳಿದವರ ಅರ್ಧದಷ್ಟಿತ್ತು. ಮುಂಚೆ ಹೇಳದೆ ಅಚಾನಕ್ಕಾಗಿ ಪ್ರಮಾಣಪತ್ರ ಪಡೆದವರಲ್ಲಿ ಈ ಇಳಿತವಿರಲಿಲ್ಲ. ಹಾಗೆಂದು ಬಹುಮಾನವೇ ಬೇಡವೆಂದಲ್ಲ. ಮಗು ಸ್ವತಃ ಇಷ್ಟಪಡುವ ಕೆಲಸಕ್ಕೆ ಆಮಿಷ ಒಡ್ಡಬಾರದು, ಮುಟ್ಟಲೂ ಒಲ್ಲದ ಕೆಲಸ ಶುರುಮಾಡಿಸಲು ಸಣ್ಣದೊಂದು ಕೊಟ್ಟು ಬೇಗ ಹಿಂತೆಗೆಯಬಹುದು.

ಒಬ್ಬರು, ನೂರಾರು ಮಕ್ಕಳು

ಅಮೆರಿಕದ ಶಾಲಾ ಸಮಾಲೋಚಕರ ಸಂಘ ಶಿಫಾರಸು ಮಾಡುವ ಪ್ರಮಾಣ 250 ವಿದ್ಯಾರ್ಥಿಗಳಿಗೆ ಒಬ್ಬ ಸಮಾಲೋಚಕರು. ಪ್ರತಿಯೊಬ್ಬರಿಗೂ ಅರ್ಧ ಗಂಟೆಯಂತೆ ಒಂದೇ ಒಂದು ಸುತ್ತು ಮುಗಿಸಲು 125 ಗಂಟೆ. ದಿನಕ್ಕೆ ನಾಲ್ಕು ಗಂಟೆ ಮುಖಾಮುಖಿ ಮಾತು ಎಂದಿಟ್ಟುಕೊಂಡರೂ 31 ದಿನ ದಾಟುತ್ತದೆ. ಸಾವಿರ ಮಕ್ಕಳಿಗೆ ಒಬ್ಬರಿದ್ದರೆ 125 ಶಾಲಾ ದಿನ. ಪ್ರತಿ ಮಗುವಿಗೆ ವರ್ಷಕ್ಕೊಂದು ಭೇಟಿ, ಎರಡನೆಯದಕ್ಕೆ ಸಮಯ ಅನುಮಾನ. ಸಾಲದ್ದಕ್ಕೆ ಪರೀಕ್ಷೆಯ ಮೇಲ್ವಿಚಾರಣೆ, ರಜೆ ಹಾಕಿದ ಶಿಕ್ಷಕರ ಪೀರಿಯಡ್, ಕಡತದ ಕೆಲಸ ಎಲ್ಲ ಇವರ ತಲೆಗೇ ಕಟ್ಟುವ ಶಾಲೆಗಳು ಕಡಿಮೆಯಿಲ್ಲ. ಶಿಸ್ತಿನ ಶಿಕ್ಷೆ ಕೊಡುವ ಕೆಲಸವನ್ನೂ ಹೊರಿಸಿದರೆ ಮುಗಿಯಿತು; ಬೆಳಗ್ಗೆ ಶಿಕ್ಷೆ ಕೊಟ್ಟವರ ಮುಂದೆ ಮಧ್ಯಾಹ್ನ ಯಾವ ಮಗು ಮನಸ್ಸು ಬಿಚ್ಚುತ್ತದೆ?

ಈ ಲೆಕ್ಕಕ್ಕೆ ಒಗ್ಗುವುದು ಮೂರು ಪದರದ ವ್ಯವಸ್ಥೆ. ಎಲ್ಲರಿಗೂ ತರಗತಿ ಮಟ್ಟದ ಪಾಠ. ನೂರರಲ್ಲಿ ಸುಮಾರು ಹದಿನೈದು ಮಕ್ಕಳಿಗೆ ಸಣ್ಣ ಗುಂಪು ಅಥವಾ ದಿನನಿತ್ಯದ ಉಸ್ತುವಾರಿ. ಐದರಷ್ಟು ಮಕ್ಕಳಿಗೆ ಒಬ್ಬೊಬ್ಬರಾಗಿ ಸಮಾಲೋಚನೆ. ಯಾರು ಯಾವ ಪದರಕ್ಕೆ ಎಂದು ಆರಿಸಲು ಎರಡು ಅಳತೆ ಸಾಕಷ್ಟು ದೂರ ಒಯ್ಯುತ್ತವೆ. ಒಂದು, ಶಾಲೆ ನಡೆದ ದಿನಗಳಲ್ಲಿ ಶೇ. 10ರಷ್ಟು ಅಥವಾ ಹೆಚ್ಚು ಗೈರು. 200 ದಿನದಲ್ಲಿ 20. ತಿಂಗಳಿಗೆ ಎರಡೇ ದಿನ ಎಂದು ಕಡೆಗಣಿಸಿದ್ದು ಅಲ್ಲಿಗೆ ಮುಟ್ಟಿರುತ್ತದೆ. ಎರಡು, ಪ್ರೌಢಶಾಲೆಯ ಮೊದಲ ವರ್ಷದ ಸ್ಥಿತಿ. ಷಿಕಾಗೊ ನಗರದ ಶಾಲೆಗಳ ದಾಖಲೆ ಆಧರಿಸಿ 2005ರಲ್ಲಿ ಬಂದ ವರದಿಯ ಪ್ರಕಾರ, ಒಂಬತ್ತನೇ ತರಗತಿಯನ್ನು (ಅಲ್ಲಿ ಪ್ರೌಢಶಾಲೆಯ ಮೊದಲ ವರ್ಷ) ಹಳಿತಪ್ಪದೆ ಮುಗಿಸಿದವರು ನಾಲ್ಕು ವರ್ಷದಲ್ಲಿ ಪ್ರೌಢಶಾಲೆ ಮುಗಿಸುವ ಸಾಧ್ಯತೆ ಹಳಿತಪ್ಪಿದವರಿಗಿಂತ ಮೂರೂವರೆ ಪಟ್ಟಿಗೂ ಹೆಚ್ಚು. ಎಂಟನೇ ತರಗತಿಯವರೆಗಿನ ಪರೀಕ್ಷಾ ಅಂಕಕ್ಕಿಂತ ಈ ಒಂದು ವರ್ಷ ಹೆಚ್ಚು ಮುನ್ಸೂಚನೆ ಕೊಟ್ಟಿತು. ಸಮಾಲೋಚಕರ ಸಮಯ ಅಂತಿಮ ಪರೀಕ್ಷೆಯ ವರ್ಷಕ್ಕೆ ಮೀಸಲಾಗುವುದು ರೂಢಿ. ಲಾಭ ಹೆಚ್ಚಿರುವುದು ಹೊಸ ಶಾಲೆಗೆ ಕಾಲಿಟ್ಟ ವರ್ಷದಲ್ಲಿ.

ನಡುವಿನ ಪದರಕ್ಕೆ ಹೆಚ್ಚು ಬಳಕೆಯಲ್ಲಿರುವುದು ದಿನದ ಕಾರ್ಡ್. ಬೆಳಗ್ಗೆ ಪ್ರಾರ್ಥನೆಗೆ ಮುಂಚೆ ವಿದ್ಯಾರ್ಥಿ ಒಬ್ಬ ನಿಗದಿತ ಹಿರಿಯರನ್ನು ಎರಡು ಮೂರು ನಿಮಿಷ ಕಾಣುತ್ತಾನೆ: ಪೆನ್ ಇದೆಯೇ, ಪುಸ್ತಕ ಇದೆಯೇ, ಇವತ್ತಿನ ಗುರಿ ಏನು. ಪ್ರತಿ ಪೀರಿಯಡ್ ಕೊನೆಗೆ ಶಿಕ್ಷಕರು ಎರಡು ಮೂರು ಅಂಶಗಳಿಗೆ 0, 1 ಅಥವಾ 2 ಹಾಕುತ್ತಾರೆ. ಸಂಜೆ ಮತ್ತೆ ಭೇಟಿ, ಒಟ್ಟು ಲೆಕ್ಕ. ಸಾಮಾನ್ಯ ಗುರಿ ಶೇ. 80. ಕಾರ್ಡ್ ಮನೆಗೆ ಹೋಗಿ ಸಹಿಯಾಗಿ ಬರುತ್ತದೆ. ನೋಡಲು ಸಲೀಸು, ಕೆಡುವ ಜಾಗಗಳು ಮಾತ್ರ ಹಲವು. ಶಿಕ್ಷಕರು ಆರು ಪೀರಿಯಡ್‌ಗೂ ಸಂಜೆ ಒಟ್ಟಿಗೆ ಅಂಕ ಹಾಕಿದರೆ ಮಗುವಿಗೆ ತಾನು ಯಾವ ಹೊತ್ತಿನಲ್ಲಿ ಸರಿಯಿದ್ದೆ ಎಂಬುದೇ ಗೊತ್ತಾಗುವುದಿಲ್ಲ. ಸೊನ್ನೆ ಬಂದ ಕಾರ್ಡ್ ಮನೆಯಲ್ಲಿ ಏಟಿಗೆ ಕಾರಣವಾದರೆ ಮರುದಿನ ಅದು ‘ಕಳೆದುಹೋಗಿರುತ್ತದೆ’. ಮೊದಲ ವಾರವೇ ಶೇ. 80 ಇಟ್ಟರೆ ಶೇ. 40ರಲ್ಲಿರುವವನು ಬುಧವಾರಕ್ಕೇ ಕೈಚೆಲ್ಲುತ್ತಾನೆ. ಅವನ ಗುರಿ 50ರಿಂದ ಶುರುವಾಗಬೇಕು. ಇನ್ನೊಂದು, ಬೇರೆ ಮಕ್ಕಳ ಕಾಟದಿಂದ ಕಂಗೆಟ್ಟ ಮಗುವಿಗೆ ಈ ಕಾರ್ಡ್ ಕೊಟ್ಟರೆ ತಪ್ಪು ಅದರದ್ದೇ ಎಂದು ಸಾರಿದಂತಾಗುತ್ತದೆ.

ಸಮಾಲೋಚಕರಿಗೆ ಮಗು ಸಿಗುವುದು ವಾರಕ್ಕೆ ಅರ್ಧ ಗಂಟೆ, ಶಿಕ್ಷಕರಿಗೆ ದಿನವಿಡೀ. ಆದ್ದರಿಂದ ಶಿಕ್ಷಕರ ಕೈಗೆ ಒಂದು ಸಣ್ಣ ಕೆಲಸ ದಾಟಿಸುವುದು ಹತ್ತು ಭೇಟಿಗೆ ಸಮ. ತಿದ್ದಿದ ಉತ್ತರಪತ್ರಿಕೆಯ ತುಂಬ ಕೆಂಪು ಮಸಿ ಕಂಡಾಗ ಶಾಲೆಯ ಮೇಲೆ ನಂಬಿಕೆಯಿಲ್ಲದ ಮಗು ಅದನ್ನು ಅವಮಾನವೆಂದು ಓದುತ್ತದೆ. ಅದೇ ಪತ್ರಿಕೆಗೆ ‘ನಿನ್ನಿಂದ ಹೆಚ್ಚು ನಿರೀಕ್ಷಿಸುತ್ತೇನೆ, ನೀನು ಅದನ್ನು ಮುಟ್ಟುತ್ತೀ ಎಂದು ಗೊತ್ತಿರುವುದರಿಂದಲೇ ಇಷ್ಟು ತಿದ್ದಿದ್ದೇನೆ’ ಎಂಬರ್ಥದ ಚೀಟಿ ಅಂಟಿಸಿದಾಗ ಮತ್ತೆ ಬರೆದು ತಂದವರ ಸಂಖ್ಯೆ ಏರಿತೆಂದು 2014ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗ ತೋರಿಸಿತು. ಶಾಲೆಯನ್ನು ನಂಬದ ಕಪ್ಪು ವಿದ್ಯಾರ್ಥಿಗಳಲ್ಲಿ ಏರಿಕೆ ಹೆಚ್ಚಿತ್ತು. ಆದರೆ ತಿದ್ದುಪಡಿ ಇಲ್ಲದೆ ಬರೀ ಚೀಟಿ ಅಂಟಿಸಿದರೆ ಅದು ಹೊಗಳಿಕೆಯ ಸ್ಟಿಕ್ಕರ್ ಅಷ್ಟೇ.

ಪೋಷಕರ ಜೊತೆಗಿನ ಮಾತಿನಲ್ಲಿ ಒಂದನ್ನಂತೂ ಒಪ್ಪಿಸಬೇಕು: ಆರು ವಾರ ಬೇರೆ ಮಗುವಿನ ಜೊತೆ ಹೋಲಿಕೆ ಬೇಡ. ‘ಎಷ್ಟು ಅಂಕ?’ ಎಂಬುದರ ಬದಲು ‘ಇವತ್ತು ಯಾವುದು ಕಷ್ಟ ಆಯ್ತು?’ ಎಂದು ದಿನಕ್ಕೊಮ್ಮೆ ಕೇಳಿ ಎನ್ನಬಹುದು. ಹತ್ತು ಸಲಹೆಗಳ ಪಟ್ಟಿ ಕೊಟ್ಟರೆ ಒಂದೂ ನಡೆಯುವುದಿಲ್ಲ.

ಯಾವಾಗ ನಿಲ್ಲಬೇಕು, ಯಾವಾಗ ದಾಟಿಸಬೇಕು

ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಪಾಲು ಮಂಕು, ಮೊದಲು ಇಷ್ಟವಿದ್ದ ಆಟಪಾಟವೂ ಬೇಡ, ನಿದ್ದೆ ಹಸಿವಿನಲ್ಲಿ ಏರುಪೇರು, ‘ನಾನಿದ್ದೇನು ಪ್ರಯೋಜನ’ ಎಂಬ ಧಾಟಿಯ ಮಾತು ಕಂಡರೆ ಗುರಿ, ಯೋಜನೆ, ಕಾರ್ಡ್ ಎಲ್ಲವನ್ನೂ ಬದಿಗಿಡಬೇಕು. ಖಿನ್ನತೆಗೆ ಪ್ರೋತ್ಸಾಹ ಔಷಧಿಯಲ್ಲ. ‘ಸ್ವಲ್ಪ ಗಟ್ಟಿಯಾಗು’ ಎಂಬ ಮಾತು ಅಲ್ಲಿ ಗಾಯದ ಮೇಲಿನ ಬರೆ. ಸಾಯುವ ಮಾತು ಬಂದರೆ ನೇರವಾಗಿಯೇ ಕೇಳಬೇಕು. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಮಗುವನ್ನು ಒಂಟಿಯಾಗಿ ಬಿಡದೆ ಅದೇ ದಿನ ಪೋಷಕರಿಗೆ ತಿಳಿಸಿ ಮನೋವೈದ್ಯರಲ್ಲಿಗೆ ದಾಟಿಸಬೇಕು. ಅಕ್ಷರಗಳು ಅದಲು ಬದಲಾಗುವುದು, ವಯಸ್ಸಿಗೆ ತಕ್ಕಂತೆ ಓದಲಾಗದಿರುವುದು ಕಂಡರೆ ಕಲಿಕಾ ನ್ಯೂನತೆಯ ಪರೀಕ್ಷೆ ಆಗಬೇಕು. ಅದಕ್ಕೂ ಮುಂಚೆ ಸೋಮಾರಿ ಎಂಬ ಪದ ಯಾರ ಬಾಯಲ್ಲೂ ಬರಬಾರದು.

ಉಳಿದವರಲ್ಲಿ ಕೆಲಸ ಆಗುತ್ತಿದೆಯೇ ಎಂದು ತಿಳಿಯಲು ಮಗುವಿನ ಮುಖದ ಉತ್ಸಾಹ ನೋಡಿದರೆ ಮೋಸಹೋಗುತ್ತೇವೆ. ಕೋಣೆಯಿಂದ ಹೊರಬರುವ ಎಲ್ಲ ಮಕ್ಕಳೂ ಆ ಹತ್ತು ನಿಮಿಷ ಉತ್ಸಾಹದಲ್ಲೇ ಇರುತ್ತಾರೆ. ಆರರಿಂದ ಎಂಟು ವಾರದ ಕೊನೆಗೆ ಮೂರು ಅಂಕಿ ಸಾಕು: ಹಾಜರಿ, ಒಪ್ಪಿಸಿದ ಹೋಂವರ್ಕ್, ಕಿರುಪರೀಕ್ಷೆಯಲ್ಲಿ ಉತ್ತರಿಸಲು ಪ್ರಯತ್ನಿಸಿದ ಪ್ರಶ್ನೆಗಳ ಸಂಖ್ಯೆ. ಕೊನೆಯದು ಅಂಕಕ್ಕಿಂತ ಮುಂಚೆ ಅಲುಗಾಡುತ್ತದೆ. ಹತ್ತರಲ್ಲಿ ಮೂರು ಪ್ರಶ್ನೆ ಮುಟ್ಟುತ್ತಿದ್ದವನು ಏಳು ಮುಟ್ಟಿ ಐದನ್ನು ತಪ್ಪು ಮಾಡಿದ್ದರೆ ಅಂಕಪಟ್ಟಿಗೆ ಅದು ಕಾಣುವುದಿಲ್ಲ, ಸಮಾಲೋಚಕರಿಗೆ ಕಾಣಬೇಕು.

ಆಮೇಲೆ ಭೇಟಿಗಳನ್ನು ಒಮ್ಮೆಲೇ ನಿಲ್ಲಿಸದೆ ವಾರಕ್ಕೊಮ್ಮೆ ಇದ್ದದ್ದನ್ನು ಹದಿನೈದು ದಿನಕ್ಕೆ, ತಿಂಗಳಿಗೆ ಸಡಿಲಿಸುತ್ತಾರೆ. ಕಾರ್ಡ್‌ನಲ್ಲಿ ಶಿಕ್ಷಕರು ಹಾಕುತ್ತಿದ್ದ ಅಂಕವನ್ನು ವಿದ್ಯಾರ್ಥಿಯೇ ಹಾಕಿಕೊಳ್ಳಲು ಶುರುಮಾಡುತ್ತಾನೆ, ವಾರಕ್ಕೊಂದು ದಿನ ಮಾತ್ರ ಶಿಕ್ಷಕರು ತಾಳೆ ನೋಡುತ್ತಾರೆ. ಒಂದು ದಿನ ಬರಬೇಕಾದ ಹೊತ್ತಿಗೆ ಅವನು ಬರುವುದಿಲ್ಲ. ವಿಚಾರಿಸಿದರೆ ಪ್ರಯೋಗಾಲಯದಲ್ಲಿರುತ್ತಾನೆ, ಭೇಟಿ ಇದ್ದದ್ದು ಮರೆತೇಹೋಗಿತ್ತು ಅನ್ನುತ್ತಾನೆ. ಕಡತದ ಮೇಲೆ ಆರು ವಾರದ ನಂತರದ ಒಂದು ದಿನಾಂಕ ಬರೆದು ಅದನ್ನು ಬೇರೆ ಕಪಾಟಿಗೆ ಸರಿಸುತ್ತಾರೆ.